ಕೌಂಟರ್-ಸ್ಟ್ರೈಕ್ 2 (ಸಿಎಸ್ 2) ಗೇಮ್ ಬಂದಮೇಲೆ ನಮ್ಮ ಟೀಮ್ ಐದೂ ಜನ ಒಟ್ಟಿಗೆ ಆಟ ಬಿಡೋಣ ಅಂತಿದ್ದೇವೆ, ಲೀಡರ್ ಆಗಿ ನಾನೇನು ಮಾಡಲಿ?

ಈ ಶನಿವಾರ ಕೂತು ಐದೂ ಜನ ಒಟ್ಟಿಗೆ ಅನ್‌ಇನ್‌ಸ್ಟಾಲ್ ಮಾಡುತ್ತೇವೆ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಎದೆ ಧಸಕ್ ಅಂತು. ಹಿಂದಿನ ಗೇಮ್ ಸಿಎಸ್‌ಗೋ ಹೋಯಿತು, ಸ್ಮೋಕ್ (ಮರೆಗೆ ಎಸೆಯುವ ಹೊಗೆ ಗ್ರೆನೇಡ್) ಎಲ್ಲ ಬದಲಾಯಿತು, 16 ರೌಂಡ್ ಗೆಲ್ಲಬೇಕಿದ್ದದ್ದು 13ಕ್ಕೆ ಇಳಿಯಿತು, ಆರು ವರ್ಷ ಕಲಿತದ್ದೆಲ್ಲ ನೀರಲ್ಲಿ ಹೋಮ ಆಯಿತು ಅನ್ನೋದು ನಿಮ್ಮ ಸಂಕಟ. ನಾನು ಸಿಎಸ್ ಅಷ್ಟಾಗಿ ಆಡಿದವನಲ್ಲ, ನನ್ನದು ಡೋಟಾ 2, ಐದೈದು ಜನರ ಎರಡು ಟೀಮು ಕಾದಾಡುವ ಗೇಮ್. ಆದರೆ 2016ರ ಡಿಸೆಂಬರಿನಲ್ಲಿ ನಾನು ಮಾಡಿದ್ದು ನೀವು ಈ ಶನಿವಾರ ಮಾಡಹೊರಟಿರೋದನ್ನೇ. ಹಾಗಾಗಿ ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಆಗ ನನಗೆ 24 ವರ್ಷ. ಪೀಣ್ಯದಲ್ಲಿ ಕೆಲಸ, ವಿಜಯನಗರದಲ್ಲಿ ಮನೆ. ಮಾರುತಿ ಮಂದಿರದ ಹತ್ತಿರ ಒಂದು ಬೇಕರಿ ಮೇಲೆ ಗೇಮಿಂಗ್ ಸೆಂಟರ್ ಇತ್ತು. ಹನ್ನೆರಡು ಸಿಸ್ಟಮ್, ಗಂಟೆಗೆ 30 ರೂಪಾಯಿ, ಕೆಳಗಿಂದ ಯಾವಾಗಲೂ ದಿಲ್‌ಪಸಂದ್ ವಾಸನೆ. ನಾನು, ಕಾಮಾಕ್ಷಿಪಾಳ್ಯದ ಪ್ರದೀಪ, ಪಾದರಾಯನಪುರದ ಇಮ್ರಾನ್, ನಾಗರಬಾವಿಯ ಶಶಿ, ಚಂದ್ರಾ ಲೇಔಟ್‌ನ ಚೇತನ. ಚೇತನ ಎಲ್ಲರಿಗಿಂತ ಚಿಕ್ಕವನು, ಸೆಕೆಂಡ್ ಪಿಯುಸಿ. ನಮ್ಮನ್ನೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದ. ವಾರದಲ್ಲಿ ಮೂರು ದಿನ ರಾತ್ರಿ ಎಂಟರಿಂದ ಹತ್ತೂವರೆ, ಭಾನುವಾರ ಇಡೀ ದಿನ ಅಲ್ಲೇ. ಎರಡು ವರ್ಷ ಹೀಗೇ ನಡೆಯಿತು.

ನಾನು ಕ್ಯಾಪ್ಟನ್, ಸಪೋರ್ಟ್ ಆಡುತ್ತಿದ್ದೆ, ಅಂದರೆ ಉಳಿದವರಿಗೆ ನೆರವಾಗುವ ಪಾತ್ರ. ಡೋಟಾ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮ್ಯಾಪಿನಲ್ಲಿ ನಮ್ಮವರು ಇಲ್ಲದ ಕಡೆ ಕತ್ತಲು. ವಾರ್ಡ್ ಅಂತ ಒಂದು ಇರುತ್ತೆ, ಅದನ್ನು ಎಲ್ಲಿ ನೆಡುತ್ತೀವೋ ಅಲ್ಲಿ ಸುತ್ತ ಸ್ವಲ್ಪ ಹೊತ್ತು ಕಾಣುತ್ತೆ. ಎದುರಿನವರು ಯಾವ ದಾರಿಯಲ್ಲಿ ಬರುತ್ತಿದ್ದಾರೆ ಅಂತ ಗೊತ್ತಾದರೆ ಅರ್ಧ ಆಟ ಗೆದ್ದ ಹಾಗೆ. ನನ್ನ ಕೈ ಅಷ್ಟೇನು ವೇಗ ಇರಲಿಲ್ಲ, ಆದರೆ ವಾರ್ಡ್ ಎಲ್ಲಿ ಹಾಕಬೇಕು ಅನ್ನೋದು ನನಗೆ ಗೊತ್ತಿದ್ದಷ್ಟು ಆ ಸೆಂಟರ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. 200 ಪೇಜಿನ ಒಂದು ಲಾಂಗ್ ಬುಕ್ ಇಟ್ಟಿದ್ದೆ. ಮ್ಯಾಪಿನ ಒಂದೊಂದು ಮೂಲೆಯನ್ನೂ ಕೈಯಲ್ಲಿ ಬರೆದು, ಮ್ಯಾಪಿನ ಎರಡು ಪಕ್ಷಗಳಲ್ಲಿ ರೇಡಿಯಂಟ್ ಕಡೆಗೆ ಹಸಿರು ಪೆನ್ನು, ಡೈರ್ ಕಡೆಗೆ ಕೆಂಪು ಪೆನ್ನು. ಒಟ್ಟು 140 ಜಾಗ. ಬೇರೆ ಟೀಮಿನ ಹುಡುಗರು ಬಂದು ಒಂದು ಸಲ ನೋಡಿ ಕೊಡ್ತೀನಿ ಗುರು ಅಂತ ಕೇಳುತ್ತಿದ್ದರು. ಆ ಪುಸ್ತಕದಿಂದಲೇ ನಾನು ಕ್ಯಾಪ್ಟನ್ ಆಗಿದ್ದೆ ಅಂದರೂ ತಪ್ಪಿಲ್ಲ.

2016ರ ಡಿಸೆಂಬರ್ 12ಕ್ಕೆ ಡೋಟಾದ ಹೊಸ ಅಪ್‌ಡೇಟ್ 7.00 ಬಂತು, ನಮಗೆ ಸಿಕ್ಕಾಗ ಮಂಗಳವಾರ ಬೆಳಗ್ಗೆ. ಅದಕ್ಕೂ ಹಿಂದಿನದು 6.88. 6ರಿಂದ ಶುರುವಾಗುವ ನಂಬರ್ ಹಳೇ ಡೋಟಾ ಕಾಲದಿಂದ, ಹತ್ತು ವರ್ಷಕ್ಕೂ ಜಾಸ್ತಿ ಓಡಿತ್ತು. ಹಾಗಾಗಿ 7 ಅಂತ ನೋಡಿದಾಗಲೇ ಏನೋ ದೊಡ್ಡದೇ ಆಗಿದೆ ಅಂತ ಗೊತ್ತಾಯಿತು. ರೋಶನ್ ಅನ್ನೋ ದೊಡ್ಡ ರಾಕ್ಷಸನ ಗುಹೆಯ ಜಾಗವೇ ಬದಲು. ಜಂಗಲ್ ಪೂರ್ತಿ ಹೊಸದು. ಲೆವೆಲ್ ಏರಿದಾಗ ಸ್ಟ್ಯಾಟ್ಸ್ ತಗೊಳ್ಳೋದು ಹೋಗಿ, 10, 15, 20, 25ನೇ ಲೆವೆಲ್‌ನಲ್ಲಿ ಎರಡರಲ್ಲಿ ಒಂದು ಟ್ಯಾಲೆಂಟ್, ಅಂದರೆ ಹೆಚ್ಚುವರಿ ಶಕ್ತಿ, ಆರಿಸಬೇಕು. ಮೂರು ಖಾನೆಯ ಬ್ಯಾಕ್‌ಪ್ಯಾಕ್, ಶ್ರೈನ್ ಅಂತ ಹೊಸ ಕಟ್ಟಡ, ಸ್ಕ್ರೀನಿನ ಕೆಳಗಿನ ಪಟ್ಟಿಯೂ ಬೇರೆ. ಜೊತೆಗೆ ಮಂಕಿ ಕಿಂಗ್ ಅಂತ ಹೊಸ ಹೀರೋ (ನಾವು ಆಡಿಸುವ ಪಾತ್ರಕ್ಕೆ ಹೀರೋ ಅಂತಾರೆ), ಮರದ ಮೇಲೆ ಹತ್ತಿ ಕೂರುತ್ತಾನೆ, ಮರದಿಂದ ಮರಕ್ಕೆ ಹಾರುತ್ತಾನೆ. ಚೀನಾದ ಪುರಾಣದ ಪಾತ್ರ ಅದು, ಆದರೆ ನಮ್ಮ ಸೆಂಟರಿನ ಹುಡುಗರು ಮೊದಲ ದಿನದಿಂದಲೇ ಆಂಜನೇಯ ಅಂದರು. ಎದುರಿಗೇ ಮಾರುತಿ ಮಂದಿರ ಇರೋವಾಗ ಇನ್ನೇನು ಅಂತಾರೆ.

ಎಲ್ಲ ಕಡೆ ಕೂಗಾಟ ಶುರುವಾಯಿತು. ಇದು ಡೋಟಾ ಅಲ್ಲ, ಬೇರೆ ಗೇಮಿನ ನಕಲು, ಟ್ಯಾಲೆಂಟ್ ಎಲ್ಲ ಹೀರೋಸ್ ಆಫ್ ದ ಸ್ಟಾರ್ಮ್‌ನಿಂದ ಎತ್ತಿದ್ದು, ಹೊಸಬರಿಗೋಸ್ಕರ ಹಳಬರನ್ನು ಬಿಟ್ಟರು. ನೀವು ಈಗ ಓದುತ್ತಿರೋದೂ ಇಂಥದ್ದೇ ಇರಬೇಕು, ಗೇಮಿನ ಹೆಸರು ಮಾತ್ರ ಬೇರೆ.

ಅವತ್ತು ರಾತ್ರಿ ಮೂರು ಆಟ ಆಡಿದೆವು, ಮೂರೂ ಸೋತೆವು. ಮೂರನೇ ಆಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹನ್ನೊಂದನೇ ನಿಮಿಷ. ಪುಸ್ತಕದಲ್ಲಿ ಎರಡು ಗೆರೆ ಎಳೆದಿಟ್ಟಿದ್ದ ಜಾಗದ ಲೆಕ್ಕದಲ್ಲಿ ಹೋಗಿ ವಾರ್ಡ್ ನೆಟ್ಟೆ. ಬರೀ ಮರ ಕಂಡಿತು. ದಾರಿ ಇಲ್ಲ, ನದಿ ಇಲ್ಲ, ಸುತ್ತ ಮರ. ಅದೇ ದಾರಿಯಲ್ಲಿ ಎದುರಿನ ಮೂವರು ಬಂದು ಪ್ರದೀಪನನ್ನು ಹೊಡೆದು ಹೋದರು. ಪಕ್ಕದ ಸಿಸ್ಟಮ್‌ನಿಂದ ಚೇತನ ಮೆಲ್ಲಗೆ ಅಂದ, "ಅಣ್ಣ, ಆ ಜಾಗ ಈಗ ಪ್ರಯೋಜನ ಇಲ್ಲ, ಇನ್ನೂ ಸ್ವಲ್ಪ ಈ ಕಡೆ ಹಾಕಿ ನೋಡಿ." ಅವನು ಬೆಳಗ್ಗೆ ಕಾಲೇಜಿಗೆ ಹೋಗೋಕೆ ಮುಂಚೆಯೇ ಮನೆಯಲ್ಲಿ ಖಾಲಿ ಮ್ಯಾಪ್ ಹಾಕಿಕೊಂಡು ಒಂದು ಗಂಟೆ ಓಡಾಡಿದ್ದನಂತೆ. ನಾನು ಅವನ ಕಡೆ ತಿರುಗಿಯೂ ನೋಡದೆ "ನೀನು ನಿನ್ನ ಲೇನ್ ನೋಡ್ಕೋ" ಅಂದೆ. ಹೆಡ್‌ಫೋನ್ ತೆಗೆದಿಟ್ಟು, ಗೇಮ್ ಹಾಳು ಮಾಡಿದ್ರು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಎದ್ದುಬಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಜನವರಿಯಲ್ಲಿ ಒಂದು ಲ್ಯಾನ್ ಟೂರ್ನಮೆಂಟ್ ಇತ್ತು. ಚಿಕ್ಕದೇ, ಊರಿನ ಹದಿನಾರು ಟೀಮು. ಎಂಟ್ರಿ 2,500 ರೂಪಾಯಿ, ತಲಾ 500. ನೋಟು ರದ್ದಾಗಿ ತಿಂಗಳು ಕಳೆದಿತ್ತು, ಕೈಯಲ್ಲಿ ಯಾರ ಹತ್ತಿರವೂ ದುಡ್ಡಿಲ್ಲ. ಸೆಂಟರ್ ಅಂಕಲ್ ಕೂಡ ನಮ್ಮ ಗಂಟೆ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು, ಚಿಲ್ಲರೆ ಬಂದಾಗ ಕೊಡ್ರಪ್ಪ ಅಂತ. ಇಮ್ರಾನ್ ಎಟಿಎಂ ಮುಂದೆ ಒಂದೂವರೆ ಗಂಟೆ ನಿಂತು, ಸಿಕ್ಕ 2,000ದ ನೋಟು ಹಿಡಿದುಕೊಂಡು ನಾಲ್ಕು ಅಂಗಡಿ ಅಲೆದು ಮುರಿಸಿ ತನ್ನ ಪಾಲಿನ 500 ತಂದುಕೊಟ್ಟಿದ್ದ. ಅಂಥ ದುಡ್ಡು ಅದು.

ಆ ಶುಕ್ರವಾರ ರಾತ್ರಿ ಒಂದು ಗಂಟೆಗೆ, ನಿದ್ದೆ ಬರದೆ, ಟೂರ್ನಮೆಂಟಿನವರಿಗೆ ವಾಟ್ಸಾಪ್ ಮಾಡಿದೆ. "ನಮ್ಮ ಟೀಮಿನಲ್ಲಿ ಯಾರಿಗೂ ಹೊಸ ಅಪ್‌ಡೇಟ್ ಇಷ್ಟ ಆಗಿಲ್ಲ. ನಾವು ಆಡಲ್ಲ. ಹೆಸರು ತೆಗೆದುಬಿಡಿ." ಅಷ್ಟೇ. ಐದು ನಿಮಿಷದಲ್ಲಿ ಸರಿ ಅಂತ ಉತ್ತರ ಬಂತು, ಎಂಟ್ರಿ ದುಡ್ಡು ವಾಪಸ್ ಇಲ್ಲ ಅಂತಲೂ ಬಂತು.

ಈ ಮೆಸೇಜನ್ನು ನಾನು ಆಮೇಲೆ ನೂರು ಸಲ ಓದಿದ್ದೇನೆ. ಮೊದಮೊದಲು ಅವಸರ ಮಾಡಿದೆ, ಒಂದು ವಾರ ಕಾಯಬೇಕಿತ್ತು ಅಂತ ಅಂದುಕೊಳ್ಳುತ್ತಿದ್ದೆ. ಅದೂ ನಿಜ. ಮೂರೇ ಆಟ ಆಡಿ, ನಾಲ್ಕು ದಿನದಲ್ಲಿ, ಹತ್ತು ವರ್ಷ ಬೆಳೆದ ಆಟದ ಕಥೆ ಮುಗೀತು ಅಂತ ತೀರ್ಮಾನ ಮಾಡೋದು ಯಾವ ನ್ಯಾಯ. ಆಮೇಲೆ ದುಡ್ಡಿನ ವಿಷಯ ಚುಚ್ಚುತ್ತಿತ್ತು. ಅದನ್ನೂ ಮುಂದೆ ನಾನು ಕೈಯಿಂದ ತೀರಿಸಿದೆ, ಇಮ್ರಾನ್ ಬೇಡ ಅಂದರೂ ಅವನ ಜೇಬಿಗೆ ತುರುಕಿದೆ. ಆದರೆ ನಿಜವಾದ ತಪ್ಪು ಇದ್ದದ್ದು "ಯಾರಿಗೂ" ಅನ್ನೋ ಒಂದು ಪದದಲ್ಲಿ. ನಾನು ಯಾರನ್ನೂ ಕೇಳಿರಲಿಲ್ಲ. ಪ್ರದೀಪ ಬೈಯುತ್ತಿದ್ದ, ಅದು ಕಿವಿಗೆ ಬಿದ್ದಿತ್ತು. ಶಶಿ ಸುಮ್ನಿದ್ದ, ಅವನೂ ನನ್ನ ಕಡೆ ಅಂದುಕೊಂಡೆ. ಇಮ್ರಾನ್ "ನೋಡೋಣ ಮಗಾ" ಅಂದಿದ್ದ, ಅದನ್ನೂ ನನ್ನ ಲೆಕ್ಕಕ್ಕೇ ಹಾಕಿಕೊಂಡೆ. ಚೇತನನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ನನ್ನ ಒಬ್ಬನ ಸಿಟ್ಟಿಗೆ ಐದು ಜನರ ಸಹಿ ಹಾಕಿ ಕಳಿಸಿದೆ.

ಆ ಸಿಟ್ಟಾದರೂ ಏನು? ನಾನು ಆಟದ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಪ್ರಾಮಾಣಿಕವಾಗಿ ನಂಬಿದ್ದೆ. ಟ್ಯಾಲೆಂಟ್ ಟ್ರೀ ಯಾಕೆ ತಪ್ಪು ಅಂತ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಆದರೆ ನನ್ನನ್ನು ನೋಯಿಸಿದ್ದು ಟ್ಯಾಲೆಂಟ್ ಅಲ್ಲವೇ ಅಲ್ಲ. ಸೋಮವಾರ ರಾತ್ರಿ ಆ ಸೆಂಟರ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದವನು ನಾನು. ಮಂಗಳವಾರ ರಾತ್ರಿ ಒಬ್ಬ ಪಿಯುಸಿ ಹುಡುಗನಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಅದನ್ನು ಅವನು ಮರ್ಯಾದೆಯಿಂದಲೇ ಹೇಳಿದ್ದ, ಮೆಲ್ಲಗೇ ಹೇಳಿದ್ದ. ನನಗೆ ತಡೆದುಕೊಳ್ಳಲು ಆಗಲಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಸ್ಮೋಕ್ ಲೈನಪ್, ಅಂದರೆ ಎಲ್ಲಿ ನಿಂತು ಎಲ್ಲಿಗೆ ಗುರಿ ಇಟ್ಟು ಎಸೆಯಬೇಕು ಅನ್ನೋದರ ಬಗ್ಗೆಯೇ ನಾಲ್ಕು ಸಲ ಬರೆದಿದ್ದೀರಿ, ಬೇರೆ ದೂರುಗಳೆಲ್ಲ ಒಂದೊಂದು ಸಲ. ಟೀಮಿಗೆ ಲೈನಪ್ ಕಲಿಸಿದವರು ನೀವೇ ಇರಬೇಕು ಅಂತ ನನ್ನ ಊಹೆ. ಹೌದು ಅಂತಾದರೆ ಇದೊಂದು ಪ್ಯಾರಾ ಇನ್ನೊಂದು ಸಲ ಓದಿ.

ಶನಿವಾರ ಸಂಜೆ ಸೆಂಟರಿಗೆ ಹೋದೆ. ನಾಲ್ಕೂ ಜನ ಇದ್ದರು. ಚೇತನ ಒಂದು ಹಾಳೆ ಹಿಡಿದುಕೊಂಡಿದ್ದ. ಫಿಸಿಕ್ಸ್ ರೆಕಾರ್ಡಿನಿಂದ ಬಿಡಿಸಿದ ಹಾಳೆ, ಒಂದು ಕಡೆ ಗೆರೆ, ಇನ್ನೊಂದು ಕಡೆ ಖಾಲಿ. ಖಾಲಿ ಕಡೆ ಸ್ಕೇಲ್ ಇಟ್ಟು ಖಾನೆ ಎಳೆದಿದ್ದ. ಮೇಲೆ 10, 15, 20, 25. ಪಕ್ಕದಲ್ಲಿ ನಾವು ಐದು ಜನ ಜಾಸ್ತಿ ಆಡುವ ಹದಿನೈದು ಹೀರೋಗಳ ಹೆಸರು. ಒಂದೊಂದು ಖಾನೆಯಲ್ಲೂ ಎಡ ಬಲ ಎರಡು ಆಯ್ಕೆ ಬರೆದು, ಯಾವುದು ನಮ್ಮ ಆಟಕ್ಕೆ ಹೊಂದುತ್ತೋ ಅದರ ಮೇಲೆ ಪೆನ್ಸಿಲ್‌ನಲ್ಲಿ ಟಿಕ್. ಪೆನ್ಸಿಲ್ ಯಾಕೆ ಅಂದರೆ, ಅಣ್ಣನವರು ನೋಡಿ ಬೇರೆ ಅಂದರೆ ಅಳಿಸಬಹುದು ಅಂತ. ನನ್ನ ಸಪೋರ್ಟ್ ಹೀರೋಗಳೇ ಮೊದಲ ಮೂರು ಸಾಲು.

ನಾನು ಹಾಳೆ ಪೂರ್ತಿ ನೋಡುವ ಮೊದಲೇ ಹೇಳಿಬಿಟ್ಟೆ, ಹೆಸರು ತೆಗೆಸಿದ್ದೇನೆ ಅಂತ. ಯಾರೂ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಇಮ್ರಾನ್ ನೆಲ ನೋಡಿದ. ಚೇತನ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಬ್ಯಾಗಿನ ಮುಂದಿನ ಜಿಪ್‌ನಲ್ಲಿ ಇಟ್ಟುಕೊಂಡ. "ಸರಿ ಅಣ್ಣ" ಅಂದ. ಆ ಜಿಪ್ಪಿನ ಸದ್ದು ನನಗೆ ಮರೆತಿಲ್ಲ.

ಅಲ್ಲಿಗೆ ಟೀಮ್ ಮುಗಿಯಿತು. ಪ್ರದೀಪ ಫಿಫಾ ಕಡೆ ಹೋದ. ಶಶಿ ಆಡೋದೇ ಬಿಟ್ಟ. ಇಮ್ರಾನ್ ಮತ್ತು ಚೇತನ ಕೆಲವು ದಿನ ಇಬ್ಬರೇ ಆಡುತ್ತಿದ್ದರಂತೆ, ಆಮೇಲೆ ಚೇತನನನ್ನು ಮಲ್ಲೇಶ್ವರದ ಒಂದು ಟೀಮ್ ಕರೆದುಕೊಂಡಿತು. ನಾನು ಎಂಟು ತಿಂಗಳು ಡೋಟಾ ಮುಟ್ಟಲಿಲ್ಲ. ಮುಟ್ಟಲಿಲ್ಲ ಅಷ್ಟೇ, ಅದರ ಬಗ್ಗೆ ಬೈದು ಬರೆಯೋದು ಮಾತ್ರ ದಿನಾ ನಡೆದಿತ್ತು. ಹಳೇದು ವಾಪಸ್ ತರಬೇಕು ಅಂತ. ಅಷ್ಟರಲ್ಲಿ ಏನಾಯಿತು ಅಂದರೆ, 7.00 ಬಂದ ಎಂಟೇ ದಿನಕ್ಕೆ 7.01 ಬಂತು, ಫೆಬ್ರವರಿಯಲ್ಲಿ 7.02, ಹೀಗೆ ಒಂದಾದ ಮೇಲೊಂದು. ನಾನು ದ್ವೇಷ ಮಾಡುತ್ತಿದ್ದ ಆಟ ಎರಡು ತಿಂಗಳಿಗೇ ಅದೇ ಆಟವಾಗಿ ಉಳಿದಿರಲಿಲ್ಲ, ಇಲ್ಲದ ಒಂದು ಆಟದ ಜೊತೆ ನಾನು ಜಗಳ ಆಡುತ್ತಿದ್ದೆ.

2017ರ ಆಗಸ್ಟಿನಲ್ಲಿ ಸಿಯಾಟಲ್‌ನಲ್ಲಿ ಡೋಟಾದ ಅತಿ ದೊಡ್ಡ ಟೂರ್ನಮೆಂಟ್ ಇಂಟರ್‌ನ್ಯಾಷನಲ್ ನಡೆಯಿತು. ಬಹುಮಾನದ ಒಟ್ಟು ಮೊತ್ತ 2.4 ಕೋಟಿ ಡಾಲರ್ ದಾಟಿತ್ತು. ನೋಡಬಾರದು ಅಂತಲೇ ಇದ್ದೆ, ಫೈನಲ್ ರಾತ್ರಿ ತಡೆಯಲಾಗದೆ ಹಾಕಿಕೊಂಡೆ. ಟೀಮ್ ಲಿಕ್ವಿಡ್ ಶುರುವಿನಲ್ಲೇ ಸೋತು ಕೆಳಗಿನ ಬ್ರಾಕೆಟ್‌ಗೆ (ಇನ್ನೊಂದು ಸೋತರೆ ಹೊರಗೆ ಹೋಗುವ ಸುತ್ತಿಗೆ) ಬಿದ್ದಿತ್ತು, ಅಲ್ಲಿಂದ ಒಂದೊಂದೇ ಗೆದ್ದು ಮೇಲೆ ಬಂದು ಫೈನಲ್‌ನಲ್ಲಿ ನ್ಯೂಬಿಯನ್ನು 3-0 ಹೊಡೆಯಿತು. ಅವರ ಸಪೋರ್ಟ್‌ಗಳು ಎಲ್ಲಿ ವಾರ್ಡ್ ಹಾಕುತ್ತಾರೆ ಅಂತಲೇ ನೋಡುತ್ತ ಕೂತೆ. ಎಲ್ಲ ಹೊಸ ಜಾಗ. ಆದರೆ ಯಾಕೆ ಅಲ್ಲಿ, ಯಾಕೆ ಆಗ ಅನ್ನೋದು ಒಂದೊಂದೂ ನನಗೆ ಅರ್ಥ ಆಗುತ್ತಿತ್ತು. ಬೆಳಗಿನ ಜಾವ ಎದ್ದು ಲಾಂಗ್ ಬುಕ್ ತೆಗೆದೆ. ಹೊಸ ಮ್ಯಾಪ್ ಪಕ್ಕದಲ್ಲಿಟ್ಟು 140 ಜಾಗವನ್ನೂ ಒಂದೊಂದಾಗಿ ನೋಡಿದೆ. 31 ಹಾಗೆಯೇ ನಡೆಯುತ್ತಿದ್ದವು. ಮಿಕ್ಕಿದ್ದು ಹೋಗಿತ್ತು. ಆದರೆ ಅಂಚಿನಲ್ಲಿ ಸಣ್ಣಗೆ ಬರೆದುಕೊಂಡಿದ್ದ ಮಾತುಗಳು ಇದ್ದವಲ್ಲ, ಮಿಡ್ ಹೀರೋ ಇಪ್ಪತ್ತು ಸೆಕೆಂಡ್ ಕಾಣದಿದ್ದರೆ ಎಲ್ಲಿರಬಹುದು, ಗೆಲ್ಲುತ್ತಿರುವಾಗ ವಾರ್ಡ್ ಎದುರಿನವರ ಜಂಗಲ್‌ನಲ್ಲಿರಬೇಕು, ಸೋಲುತ್ತಿರುವಾಗ ನಮ್ಮ ಬಾಗಿಲಲ್ಲಿರಬೇಕು, ಅವು ಯಾವುದೂ ಹೋಗಿರಲಿಲ್ಲ. ಹಸಿರು ಕೆಂಪು ಚುಕ್ಕೆಗಳನ್ನೇ ನನ್ನ ಎರಡು ವರ್ಷ ಅಂದುಕೊಂಡಿದ್ದೆ. ನಿಮ್ಮ ಆರು ವರ್ಷವೂ ಹೋಗಿಲ್ಲ. ಆಟದೊಳಗಿನ ದುಡ್ಡು ಯಾವಾಗ ಉಳಿಸಬೇಕು, ಹೆಜ್ಜೆ ಸದ್ದು ಕೇಳಿ ಎಷ್ಟು ಜನ ಅಂತ ಹೇಳೋದು, ನಾಲ್ಕು ಜನ ಒಟ್ಟಿಗೆ ಕಿರುಚುವಾಗ ಒಂದು ಮಾತು ಹೇಳಿ ಸುಮ್ಮನಾಗಿಸೋದು, ಇದನ್ನೆಲ್ಲ ಯಾವ ಅಪ್‌ಡೇಟ್ ಅಳಿಸುತ್ತೆ? ಸ್ಮೋಕ್ ಈಗ ಗುಂಡು ಹೊಡೆದರೆ, ಗ್ರೆನೇಡ್ ಎಸೆದರೆ ಬಿಚ್ಚಿಕೊಳ್ಳುತ್ತೆ ಅಂತಾರೆ. ಅದನ್ನು ಬಳಸೋದು ಹೇಗೆ ಅಂತ ನಿಮ್ಮಲ್ಲಿ ಯಾರೋ ಒಬ್ಬ ಈಗಾಗಲೇ ನೋಡುತ್ತಿರಬಹುದು.

ಇನ್ನು ಎಲ್ಲರೂ ಬಿಟ್ಟರೆ ಕಂಪನಿ ಹಳೇದು ವಾಪಸ್ ತರುತ್ತೆ ಅಲ್ವಾ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ ಖಡಕ್ಕಾಗಿ ಹೇಳುತ್ತೇನೆ, ಅದನ್ನು ನಂಬಿಕೊಂಡು ಕೂರಬೇಡಿ. ಎಲ್ಲರೂ ಕೊಡುವ ಉದಾಹರಣೆ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಗೇಮ್. 2012ರ ನವೆಂಬರಿನಲ್ಲಿ ಅದರ ಕಾದಾಟದ ರೀತಿಯನ್ನೇ ಬದಲಾಯಿಸಿದರು, ಜನ ಸಿಟ್ಟಾದರು, 2013ರ ಫೆಬ್ರವರಿಯಲ್ಲಿ ವೋಟ್ ಹಾಕಿಸಿ ಓಲ್ಡ್ ಸ್ಕೂಲ್ ಅಂತ ಹಳೇದನ್ನು ತಂದರು. ಸರಿ. ಆದರೆ ಅದಾಗಿದ್ದು ಅವರ ಹತ್ತಿರ 2007ರ ಬ್ಯಾಕಪ್ ಇತ್ತು ಅನ್ನೋದರಿಂದ. ಮತ್ತೆ ಅಲ್ಲಿ ಎಲ್ಲರೂ ಸೊನ್ನೆಯಿಂದ ಶುರು ಮಾಡಬೇಕಾಯಿತು, ಹೊಸ ಆಟವೂ ಪಕ್ಕದಲ್ಲೇ ನಡೆಯುತ್ತ ಇತ್ತು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಅನ್ನೋ ಗೇಮಿನ ಕಥೆ ಯಾರೂ ಹೇಳಲ್ಲ. 2005ರ ನವೆಂಬರಿನಲ್ಲಿ ಮೂವತ್ತಕ್ಕೂ ಜಾಸ್ತಿ ಇದ್ದ ಕಸುಬುಗಳನ್ನು 9ಕ್ಕೆ ಇಳಿಸಿದರು, ಜನ ಗುಂಪುಗುಂಪಾಗಿ ಬಿಟ್ಟು ಹೋದರು. ಕಂಪನಿ ಹಳೇದನ್ನು ತರಲಿಲ್ಲ. 2011ರ ಡಿಸೆಂಬರಿನಲ್ಲಿ ಆಟವನ್ನೇ ಮುಚ್ಚಿದರು. ಬದಲಾವಣೆಯೇ ಒಳ್ಳೇದಾದದ್ದೂ ಇದೆ, ಫೈನಲ್ ಫ್ಯಾಂಟಸಿ 14 ಅನ್ನು 2012ರಲ್ಲಿ ಪೂರ್ತಿ ನಿಲ್ಲಿಸಿ 2013ರ ಆಗಸ್ಟಿನಲ್ಲಿ ಹೊಸದಾಗಿ ಕಟ್ಟಿ ತಂದರು, ಅದು ಇವತ್ತಿಗೂ ನಡೆಯುತ್ತಿದೆ. ಯಾವುದು ಯಾವ ದಾರಿ ಹಿಡಿಯುತ್ತೆ ಅಂತ ಮೊದಲ ತಿಂಗಳಿಗೇ ಹೇಳೋಕೆ ಯಾರಿಂದಲೂ ಆಗಲ್ಲ. ನಿಮ್ಮ ಸಿಎಸ್ 2 ಬಂದಿದ್ದು 2023ರ ಸೆಪ್ಟೆಂಬರ್ 27ಕ್ಕೆ.

ದೂರು ಹೇಳಬೇಡಿ ಅಂತಲ್ಲ. ಹೇಳಿ, ಜೋರಾಗಿಯೇ ಹೇಳಿ. ಆದರೆ ಗೇಮ್ ಹಾಳಾಯಿತು ಅನ್ನೋದು ದೂರಲ್ಲ. ಇಂಥ ಮ್ಯಾಪಿನಲ್ಲಿ ಇಂಥ ಕಡೆ ಗೋಡೆ ಹಿಂದೆ ಸರಿದ ಮೇಲೂ ಗುಂಡು ಬೀಳುತ್ತೆ, ಇದೋ ವಿಡಿಯೋ, ಅಂದರೆ ಅದು ದೂರು. ಅದಕ್ಕೆ ಆಡುತ್ತಿರಬೇಕು.

ಮತ್ತೆ, ಲೀಡರ್ ಆಗಿ ನಾನೇನು ಮಾಡಲಿ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಯಾವ ಸೈಟ್‌ಗೆ (ಬಾಂಬ್ ಇಡುವ ಜಾಗಕ್ಕೆ) ನುಗ್ಗಬೇಕು ಅಂತ ಲೀಡರ್ ಹೇಳಬೇಕು. ಯಾರು ಆಟ ಬಿಡಬೇಕು ಅಂತ ಲೀಡರ್ ಹೇಳಬಾರದು. ನಿಮಗೆ ಸಾಕಾಗಿದ್ದರೆ ನೀವು ಬಿಡಿ, ಅದರಲ್ಲಿ ಏನೂ ತಪ್ಪಿಲ್ಲ, ನನಗೆ ಬೇಜಾರಾಗಿದೆ ಅಂತ ನಿಮ್ಮ ಹೆಸರಲ್ಲೇ ಹೇಳಿ. ಐದು ಜನ ಎದುರುಬದುರು ಕೂತು ಒಟ್ಟಿಗೆ ಬಟನ್ ಒತ್ತೋದು ಬೇಡ. ಅಂಥ ಕಡೆ ಬೇಡ ಅನ್ನುವವನು ಬಾಯಿ ಬಿಡಲ್ಲ. ನಮ್ಮವನು ಬಿಡಲಿಲ್ಲ.

ಚೇತನ ಈಗಲೂ ಅಪರೂಪಕ್ಕೆ ಸಿಗುತ್ತಾನೆ. ಕೆಲಸಕ್ಕೆ ಸೇರಿದ್ದಾನೆ, ಮದುವೆ ಮಾತುಕತೆ ನಡೆದಿದೆಯಂತೆ. ಹೋದ ವರ್ಷ ಮೆಟ್ರೋ ಸ್ಟೇಷನ್ ಮೆಟ್ಟಿಲ ಹತ್ತಿರ ಸಿಕ್ಕಾಗ ಆ ಹಾಳೆ ವಿಷಯ ಎತ್ತಿ ತಪ್ಪಾಯಿತು ಕಣೋ ಅಂದೆ. "ಅಯ್ಯೋ ಬಿಡಿ ಅಣ್ಣ, ಯಾವ ಕಾಲದ್ದು" ಅಂದ. ಸ್ವಲ್ಪ ತಡೆದು, "ಆ ಟೂರ್ನಮೆಂಟ್ ಒಂದು ಆಡಬೇಕಿತ್ತು" ಅಂದ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿದೆ. ಮೂವರು ನನ್ನ ಜೊತೆ ಇದ್ದಾರೆ, ಐದನೆಯವನು ಏನೂ ಹೇಳಿಲ್ಲ, ಅವನು ಯಾವಾಗಲೂ ಸೈಲೆಂಟ್, ಅಂತ. ಶನಿವಾರದ ತನಕ ಕಾಯಬೇಡಿ. ಇವತ್ತೇ ಸ್ಟೀಮ್‌ನಲ್ಲಿ (ಗೇಮ್ ಓಡಿಸುವ ಆ್ಯಪ್) ಅವನ ಪ್ರೊಫೈಲ್ ತೆಗೆಯಿರಿ. ಹೋದ ಎರಡು ವಾರದಲ್ಲಿ ಎಷ್ಟು ಗಂಟೆ ಆಡಿದ್ದಾನೆ ಅಂತ ಅಲ್ಲೇ ಬರೆದಿರುತ್ತೆ. ಅದನ್ನು ನೋಡಿ ಅವನಿಗೆ ಫೋನ್ ಮಾಡಿ.